ದಿಂಬಣ್ಣನ ಅಂಗಡಿಯ ಮನಸ್ಸಿನ ಡಾಕ್ಟ್ರು

ದಿಂಬಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಅದು ಈಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ಮಾಡುವುದು ಹಾಸಿಗೆ ವ್ಯಾಪಾರ, ಆಳು ನೋಡಿದರೆ ನಡು ಉಬ್ಬಿ ಮೇಲೂ ಕೆಳಗೂ ಸಣ್ಣಗಾದ ಆಕಾರ. ಬೀದಿಯವರು ದಿಂಬಣ್ಣ ಎಂದರು, ಅವನು ಓಗೊಟ್ಟ, ಹೆಸರು ಗಟ್ಟಿಯಾಗಿ ಕೂತಿತು. ಹೆಸರು ಮೆತ್ತಗಿದೆ, ಮನುಷ್ಯನೂ ಮೆತ್ತಗಿರಬಹುದು ಅಂದುಕೊಂಡು ಚೌಕಾಸಿಗೆ ಇಳಿದವರು ಯಾರೂ ಗೆದ್ದು ಹೋಗಿಲ್ಲ.

ವ್ಯಾಪಾರದಲ್ಲಿ ಅವನದೇ ಒಂದು ಪದ್ಧತಿ. ಗಿರಾಕಿ ಬಂದರೆ ಕೂರಿಸಬಾರದು, ಮಲಗಿಸಬೇಕು. ಅಂಗಡಿಯ ನಟ್ಟನಡುವೆ, ಫ್ಯಾನಿನ ಕೆಳಗೆ ಒಂದು ಮಂಚ, ಅದರ ಮೇಲೆ ತೋರಿಸುವ ಹಾಸಿಗೆ. "ಚಪ್ಪಲಿ ಬಿಟ್ಟು ಮಲಗಿ" ಎಂದು ಹೇಳಿ ದಿಂಬಣ್ಣ ಅಲ್ಲಿಂದ ಮಾಯ. ಮಲಗಿದವನನ್ನು ಮಾತಾಡಿಸಬಾರದು, ಇದು ಪದ್ಧತಿಯ ಮುಖ್ಯ ಭಾಗ. ಫ್ಯಾನಿನ ಗಾಳಿಗೆ ಗಿರಾಕಿಯ ಕಣ್ಣು ಎಳೆಯುತ್ತ ಬಂದಾಗ ಮೆಲ್ಲಗೆ ಹತ್ತಿರ ಹೋಗಿ, "ಇದನ್ನೇ ಕಟ್ಟಿಸ್ಲಾ?" ಎಂದರೆ ಆಯಿತು. ಮಲಗಿದ ಮನುಷ್ಯನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು ಹೇಳಿ? ಪರದೆಯ ಹಿಂದೆ ಹೊಲಿಗೆ ಮಿಷನ್ ಮೇಲೆ ಕೂತು ಹಾಸಿಗೆಯ ಕವರು ಹೊಲಿಯುತ್ತಿದ್ದ ಹೆಂಡತಿ, "ನನ್ನನ್ನ ನೋಡೋಕೆ ಬಂದಾಗ ಮಾತ್ರ ಕೂತ್ಕೊಂಡೇ ಒಪ್ಪಿದ್ರಿ" ಎಂದು ಆಗಾಗ ಚುಚ್ಚುತ್ತಿದ್ದಳು.

ಇಂಥ ಚೆಂದದ ಪದ್ಧತಿಗೆ ಕಲ್ಲು ಹಾಕಿದವಳು ಸ್ವಂತ ಮಗಳು. ಒಬ್ಬಳೇ ಮಗಳು. ಶಾಲೆಯ ಕೊನೆಯ ವರ್ಷ, ಹನ್ನೆರಡನೇ ಕ್ಲಾಸು. ಶಾಲೆ ಬಿಟ್ಟೊಡನೆ ನೇರ ಅಂಗಡಿಗೆ ಬಂದು, ಮಂಚದ ತಲೆಯ ಕಡೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಮೊದಲು ಸಿಕ್ಕಿದವಳು ಇಸ್ತ್ರಿ ಅಂಗಡಿಯ ಹೆಂಗಸು. ನಿದ್ದೆಯೇ ಇಲ್ಲ, ಹಳೆಯ ಹಾಸಿಗೆ ಗಂಟುಗಂಟಾಗಿದೆ ಎಂದು ಬಂದವಳು ಮಲಗಿ ಸೂರು ನೋಡುತ್ತಿದ್ದಳು. ಮಗಳು ಸುಮ್ಮನಿರಬಾರದೇ?

"ಎಚ್ಚರ ಆದಾಗ ಏನು ಯೋಚನೆ ಬರುತ್ತೆ ಆಂಟೀ?"

"ಏನಿಲ್ಲಮ್ಮ, ನಮ್ಮಕ್ಕ ಆಡಿದ ಮಾತು."

"ಆಮೇಲೆ?"

ಈ "ಆಮೇಲೆ" ಎಂಬುದೊಂದನ್ನೇ ಬಂಡವಾಳ ಮಾಡಿಕೊಂಡು ಹುಡುಗಿ ಆ ಹೆಂಗಸಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆಸಿದಳು. ಹೆಂಗಸು ಅತ್ತಳು, ಮಾರಾಟಕ್ಕಿಟ್ಟ ದಿಂಬಿನ ಕವರಿನಲ್ಲೇ ಮೂಗು ಒರೆಸಿಕೊಂಡಳು, "ಎಷ್ಟು ಹಗುರ ಆಯ್ತು ತಾಯಿ" ಎಂದು ಎದ್ದು ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಹಾಸಿಗೆಯ ಸುದ್ದಿಯೇ ಇಲ್ಲ. ಸ್ವಲ್ಪ ದಿನ ಬಿಟ್ಟು ಬಂದು, ಈಗ ಹಳೆಯ ಹಾಸಿಗೆಯ ಮೇಲೇ ಗಡದ್ದಾಗಿ ನಿದ್ದೆ ಬರುತ್ತಿದೆ ಎಂದು ದಿಂಬಣ್ಣನಿಗೇ ಧನ್ಯವಾದ ಹೇಳಿದಳು.

ದಿಂಬಣ್ಣನ ಪಿತ್ತ ನೆತ್ತಿಗೇರಿತು. "ಹಳೇ ಹಾಸಿಗೆ ಮೇಲೆ ನಿದ್ದೆ ಬರ್ಸೋಕೆ ನಾನು ಅಂಗಡಿ ಇಟ್ಟಿದೀನೇನೇ?"

"ಅವರಿಗೆ ಬೇಕಾಗಿದ್ದು ಹಾಸಿಗೆ ಅಲ್ಲ ಅಪ್ಪಾ."

"ಬೇಕಾಗಿರೋರು ಯಾರಾದ್ರೂ ಬಂದ್ರೆ ಅವರನ್ನೂ ಬಿಡ್ಬೇಡ, ಬೇಡ ಅನ್ನಿಸಿ ಕಳಿಸು!"

ಅಷ್ಟರಲ್ಲಿ ಸುದ್ದಿ ಹಬ್ಬಿಯಾಗಿತ್ತು. "ಒಂದು ಹಾಸಿಗೆ ನೋಡ್ಬೇಕಿತ್ತು" ಎನ್ನುತ್ತ ಬರುವವರ ಸಾಲು ಹೆಚ್ಚಿತು. ಬಂದವರೇ ಬರುತ್ತಿದ್ದರು. ಅಂಚೆ ಕಚೇರಿಯ ಗುಮಾಸ್ತ ವಾರಕ್ಕೆರಡು ಸಲ ಬಂದು ಹಾಸಿಗೆ ನೋಡುತ್ತಿದ್ದ, ಅದೂ ಕಣ್ಣು ಮುಚ್ಚಿಕೊಂಡು. ಮಾರುವ ಹಾಸಿಗೆಗಳೆಲ್ಲ ಗೋಡೆಗೆ ಒರಗಿ ಹೊಸದಾಗಿಯೇ ನಿಂತಿದ್ದವು. ತೋರಿಸುವ ಹಾಸಿಗೆಯ ನಡುವೆ ಮಾತ್ರ ಊರಿನವರ ಕಷ್ಟದ ಭಾರಕ್ಕೆ ಹಳ್ಳ ಬಿದ್ದಿತು.

ಒಂದು ದಿನ ಊಟಕ್ಕೆ ಕೂತಾಗ ಮಗಳು ಬಾಂಬು ಹಾಕಿದಳು.

"ಅಪ್ಪಾ, ನಾನು ಸೈಕಿಯಾಟ್ರಿಸ್ಟ್ ಆಗ್ತೀನಿ. ಮನಸ್ಸಿನ ಡಾಕ್ಟ್ರು."

"ಅದಕ್ಕೆ ಕಾಲೇಜು ಯಾಕೆ? ನನ್ನ ಹೊಟ್ಟೆ ಮೇಲೆ ಹೊಡ್ದು ಇಲ್ಲೇ ಆಗಿಬಿಟ್ಟಿದೀಯಲ್ಲ."

"ಹಾಗೆಲ್ಲ ಆಗಲ್ಲ ಅಪ್ಪಾ. ಮೊದಲು ಪೂರ್ತಿ ಡಾಕ್ಟ್ರು ಆಗ್ಬೇಕು. ಮೂಳೆ, ರಕ್ತ, ಕರುಳು ಎಲ್ಲಾ ಓದ್ಬೇಕು. ಅದು ಮುಗಿದ್ಮೇಲೆ ಮನಸ್ಸಿಂದು ಇನ್ನೂ ಒಂದಿಷ್ಟು ವರ್ಷ."

ದಿಂಬಣ್ಣ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದ. "ಅಂದ್ರೆ, ಹೆಣ ಕುಯ್ದು, ಕರುಳು ಅಳ್ದು, ಅದನ್ನೆಲ್ಲ ಒಂದು ಕಡೆ ಇಟ್ಟು, ಕೊನೆಗೆ ಸ್ಟೂಲ್ ಮೇಲೆ ಕೂತು 'ಆಮೇಲೆ?' ಅಂತ ಕೇಳೋದು. ಅಷ್ಟೇ ತಾನೆ?"

"ಆಮೇಲೆ?" ಎಂದಳು ಹೆಂಡತಿ. ತಾಯಿ ಮಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿಂಬಣ್ಣ ನಗಲಿಲ್ಲ. ಮೆಡಿಕಲ್ ಕಾಲೇಜು ಇದ್ದದ್ದು ಬೇರೆ ಊರಿನಲ್ಲಿ, ಅವಳು ಹಾಸ್ಟೆಲಿನಲ್ಲಿ ಇರಬೇಕಾಗುತ್ತದೆ ಎಂಬುದು ಅವನ ತಲೆಗೆ ಆಗಲೇ ಹೊಕ್ಕಿತ್ತು. ಅವನ ಲೆಕ್ಕವೇ ಬೇರೆ ಇತ್ತು. ಮಗಳು ಇಲ್ಲೇ ಕಾಮರ್ಸ್ ಓದಬೇಕು, ಸಂಜೆ ಅಂಗಡಿಗೆ ಬರಬೇಕು, ಅವನ ಜೊತೆ ಜಗಳ ಆಡಬೇಕು. ಜಗಳ ಆಡಿದರೂ ಪರವಾಗಿಲ್ಲ, ಎದುರಿಗೆ ಇರಬೇಕು.

ಹಾಗೆಂದು ಬಾಯಿ ಬಿಟ್ಟು ಬೇಡ ಎನ್ನಲಿಲ್ಲ. ಅಪ್ಪಂದಿರ ಹತ್ತಿರ ಬೇಡ ಎನ್ನುವುದಕ್ಕಿಂತ ದೊಡ್ಡ ಆಯುಧವೊಂದು ಇರುತ್ತದೆ. "ನೋಡೋಣ" ಎಂದ.

ಮಗಳು ಪ್ರವೇಶ ಪರೀಕ್ಷೆಗೆ ಓದಲು ಕೂತಳು ಎನ್ನುವುದಕ್ಕಿಂತ ಮಲಗಿದಳು ಎನ್ನುವುದೇ ಸರಿ. ಮನೆ ಅಂಗಡಿಯ ಮಹಡಿಯ ಮೇಲೆ, ಮನೆಯಲ್ಲೂ ಕೂತರೆ ಹಾಸಿಗೆ, ಒರಗಿದರೆ ದಿಂಬು. ಪುಸ್ತಕ ತೆರೆದು ಕೂತ ಹುಡುಗಿ ಅರ್ಧ ಪುಟ ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದಳು. ದಿಂಬಣ್ಣ ಬಾಗಿಲಲ್ಲಿ ಇಣುಕಿ ನೋಡಿ, ಸದ್ದಾಗದಂತೆ ಹೊದಿಕೆ ಹೊದಿಸಿ, ದೀಪ ಆರಿಸಿ ಬರುತ್ತಿದ್ದ. ಎಂಥ ಪ್ರೀತಿಯ ಅಪ್ಪ ಎಂದು ನೀವು ಮೆಚ್ಚಿಕೊಳ್ಳಬೇಡಿ, ಅವನ ಹೊಟ್ಟೆಯಲ್ಲಿದ್ದದ್ದು ಶುದ್ಧ ಕುತಂತ್ರ. ಹೆಂಡತಿಗೆ ಅದು ಗೊತ್ತಾದ ದಿನವೇ ಮರಗೆಲಸದವನ ಹತ್ತಿರ ಹೋಗಿ ಒಂದು ಬೋಳು ಬೆಂಚು ತಂದು ಹಾಕಿದಳು. ಆ ಬೆಂಚಿನ ಮೇಲೆ ಓದಿ ಹುಡುಗಿ ಪಾಸಾದಳು. ಬರೀ ಪಾಸಲ್ಲ, ಸೀಟು ಸಿಗುವಂಥ ಪಾಸು.

ಇನ್ನು ಉಳಿದಿದ್ದು ಒಂದೇ. ಶನಿವಾರದೊಳಗೆ ಊರಿನ ಆ ತುದಿಯಲ್ಲಿರುವ ಜಿಲ್ಲಾ ಪ್ರವೇಶ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು, ಕಿಟಕಿಯ ಮುಂದೆ ನಿಂತು ತಂದೆಯೇ ಸಹಿ ಹಾಕಬೇಕು. ಮಗಳು ಕಾಲೇಜು ಯಾವುದು, ಹಾಸ್ಟೆಲ್ ಯಾವುದು, ಸಂದರ್ಶನದಲ್ಲಿ ಏನು ಕೇಳಬಹುದು ಎಲ್ಲವನ್ನೂ ತಿಳಿದುಕೊಂಡು ತಯಾರಾಗಿದ್ದಳು. ಸಂದರ್ಶನದ ಬಗ್ಗೆ ಅವಳಿಗೆ ಎಳ್ಳಷ್ಟೂ ಭಯವಿಲ್ಲ. "ಏನು ಕೇಳ್ತಾರೆ? ಅರ್ಧ ಊರಿಗೆ ನಿದ್ದೆ ಬರ್ಸಿದೀನಿ ಅಂತೀನಿ" ಎನ್ನುತ್ತಿದ್ದಳು. ದಿಂಬಣ್ಣ "ನೋಡೋಣ, ನೋಡೋಣ" ಎನ್ನುತ್ತ ದಿನ ತಳ್ಳುತ್ತಿದ್ದ.

ಆ ವಾರದ ಮೊದಲಲ್ಲೇ ಬಂದವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾರಿನಲ್ಲಿ, ಕಲಿಸುವವರಿಗೂ ಇರಲಿ ಎಂದು ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಉಂಟು. ದಿಂಬಣ್ಣ ಹಾಸಿಗೆಗಳನ್ನು ರಸ್ತೆಯ ಅಂಚಿನವರೆಗೂ ನಿಲ್ಲಿಸಿ ಅಂಗಡಿಯ ಮುಂದಿನ ತಿರುವನ್ನು ಕಿರಿದು ಮಾಡಿಟ್ಟಿದ್ದ. ಆ ತಿರುವಿನಲ್ಲಿ ಪ್ರತಿಯೊಬ್ಬ ಕಲಿಯುವವನೂ ಬೆವರುತ್ತಿದ್ದ, ಮೇಷ್ಟ್ರು ಬ್ರೇಕು ಒತ್ತುತ್ತಿದ್ದರು.

"ಹಾಸಿಗೆ ಸರಿಯಿಲ್ಲಮ್ಮ" ಎಂದು ಮಲಗಿದರು ಮೇಷ್ಟ್ರು. "ಕಣ್ಣು ಹತ್ತಿದ ಕೂಡ್ಲೇ ಕಾಲು ತಾನಾಗೇ ಬ್ರೇಕ್ ಒತ್ತುತ್ತೆ."

"ಆಮೇಲೆ?"

"ಆಮೇಲೇನು, ಅಲ್ಲಿ ಬ್ರೇಕ್ ಎಲ್ಲಿರುತ್ತೆ? ನಮ್ಮನೆಯವಳಿರ್ತಾಳೆ. ಒದೆ ತಿಂದು ತಿಂದು ಈಗ ಬೇರೆ ಕೋಣೇಲಿ ಮಲಗ್ತಾಳೆ. ಮಾತೂ ಬಿಟ್ಟಿದಾಳೆ."

ಬಹಳ ಹೊತ್ತು ಕೇಳಿದ ಮೇಲೆ ಮಗಳು ತೀರ್ಪು ಕೊಟ್ಟಳು. ಇಲ್ಲಿಯವರೆಗೆ ಕೇಳಿಸಿಕೊಳ್ಳುತ್ತಿದ್ದವಳು ಹೀಗೆ ಖಡಾಖಂಡಿತವಾಗಿ ಉಪದೇಶ ಮಾಡಿದ್ದು ಅದೇ ಮೊದಲು. ಸೀಟು ಸಿಕ್ಕುವ ಖುಷಿ ತಲೆಗೇರಿತ್ತು ಅಂತ ಕಾಣುತ್ತದೆ. "ಮೇಷ್ಟ್ರೇ, ನಿಮಗೆ ಕಲಿಯೋರ ಮೇಲೆ ನಂಬಿಕೆ ಇಲ್ಲ, ಅದೇ ರೋಗ. ನಾಳೆ ಬ್ರೇಕ್ ಮೇಲಿಂದ ಕಾಲು ತೆಗ್ದುಬಿಡಿ. ಒಂದು ದಿನ ಅವರನ್ನ ನಂಬಿ ನೋಡಿ, ಆರಾಮಾಗ್ತೀರ."

ಮಾರನೆಯ ದಿನ ಮಧ್ಯಾಹ್ನ ಕಾರು ಓಡಿಸುತ್ತಿದ್ದವರು ಗ್ರಂಥಾಲಯದ ಮೇಡಂ. ಜೀವಮಾನದಲ್ಲಿ ಒಮ್ಮೆಯೂ ಗಟ್ಟಿಯಾಗಿ ಉಸಿರು ಬಿಡದವರು. ದಿಂಬಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಾನೆ, ತಿರುವಿಗೆ ಬರುತ್ತಿದೆ ಕಾರು, ಮೇಡಮ್ಮಿನ ಮುಖ ಬಿಳಿಚಿಕೊಂಡಿದೆ, ಪಕ್ಕದಲ್ಲಿ ಮೇಷ್ಟ್ರು ಎರಡೂ ಕಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದಾರೆ. "ಅಯ್ಯೋ, ಅಯ್ಯಯ್ಯೋ!" ಎನ್ನುವಷ್ಟರಲ್ಲಿ ಕಾರು ರಸ್ತೆ ಬಿಟ್ಟು ಕಟ್ಟೆ ಹತ್ತಿ, ಸಾಲಾಗಿ ನಿಂತ ಹಾಸಿಗೆಗಳೊಳಗೆ ಮೂತಿ ತೂರಿಸಿತು. ಹಾಸಿಗೆಗಳು ಒಂದರ ಮೇಲೊಂದು ಕವುಚಿ ಬಿದ್ದು ಕಾರೇ ಕಾಣದಂತಾಯಿತು. ಬೀದಿಯೆಲ್ಲ ಹತ್ತಿ.

ಯಾರಿಗೂ ಒಂದು ಗೀರೂ ಆಗಲಿಲ್ಲ. ಹಾಸಿಗೆ ಸರಿಸಿ ಬಾಗಿಲು ತೆಗೆದರೆ ಗ್ರಂಥಾಲಯದ ಮೇಡಂ ನಡುಗುತ್ತಲೇ ಜನರಿಗೆ, "ದಯವಿಟ್ಟು ಸದ್ದು ಮಾಡ್ಬೇಡಿ" ಎಂದರು. ಒಳಗೆ ಮಂಚದ ಮೇಲೆ ಮಲಗಿದ್ದ ಅಂಚೆ ಗುಮಾಸ್ತ ಎದ್ದು ಕೂತು, "ಇದು ಬೇಡ ದಿಂಬಣ್ಣ, ಅಲ್ಲಾಡುತ್ತೆ" ಎಂದ. ಹೆಂಡತಿ ಕೈಯಲ್ಲಿ ಕತ್ತರಿ ಹಿಡಿದೇ ಓಡಿ ಬಂದಿದ್ದಳು, ಅದನ್ನು ನೋಡಿ ಮೇಷ್ಟ್ರು ಮತ್ತೆ ಹಾಸಿಗೆಯೊಳಗೆ ಹೋದರು.

"ನಿಮ್ಮ ಮಗಳೇ ಕಾಲು ತೆಗೀರಿ ಅಂದಿದ್ದು!" ಎಂದು ಒಳಗಿನಿಂದಲೇ ಕೂಗಿದರು.

"ತೆಗಿ ಅಂದ್ರೆ ಮಡಚಿ ಇಟ್ಕೊಂಡು ನಿದ್ದೆ ಮಾಡು ಅಂತಾನಾ?" ಎಂದು ದಿಂಬಣ್ಣ ಅವರಿಗಿಂತ ಜೋರಾಗಿ ಕೂಗಿದ. ಬೀದಿಗೆ ಬೀದಿಯೇ ನಕ್ಕಿತು. ನಗದೇ ಇದ್ದವಳು ಒಬ್ಬಳೇ. ಅಂಕಪಟ್ಟಿ ತರಲು ಶಾಲೆಗೆ ಹೋಗಿ ಬಂದು, ಬ್ಯಾಗು ಹೆಗಲ ಮೇಲೇ ಇಟ್ಟುಕೊಂಡು, ಕಟ್ಟೆಯ ಮೇಲಿನ ಚಕ್ರದ ಗುರುತನ್ನು ನೋಡುತ್ತ ಮಗಳು ನಿಂತಿದ್ದಳು.

"ಅಪ್ಪಾ, ಹಾಸಿಗೆ ಇರ್ಲಿಲ್ಲ ಅಂದಿದ್ರೆ? ಅಲ್ಲಿ ಯಾರಾದ್ರೂ ನಡ್ಕೊಂಡು ಹೋಗ್ತಿದ್ರೆ?"

ದಿಂಬಣ್ಣ ಬಗ್ಗಿ ಬೀದಿಯ ಹತ್ತಿ ಬಾಚತೊಡಗಿದ. ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡಿಕೊಂಡೇ ಹೇಳಿದಳು: "ನಂಗೆ ಡಾಕ್ಟ್ರು ಕೆಲಸ ಬೇಡ. ಇಲ್ಲೇ ಕಾಮರ್ಸ್ ಸೇರ್ತೀನಿ. ಅಂಗಡಿ ನೋಡ್ಕೋತೀನಿ."

ನೋಡಿ ಅದೃಷ್ಟ ಅಂದರೆ! ಬೇಡ ಎನ್ನದೆ, ಬೈಯದೆ, ದಿಂಬಣ್ಣನಿಗೆ ಬೇಕಾದದ್ದೆಲ್ಲ ಕೂತಲ್ಲಿಗೇ ಬಂತು. ಅವನು ಒಳಗೊಳಗೇ ಕುಣಿದ. ಮಾರನೆಯ ದಿನದಿಂದ ಮಗಳು ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸತೊಡಗಿದಳು. "ಚಪ್ಪಲಿ ಬಿಟ್ಟು ಮಲಗಿ" ಎಂದು ಹೇಳಿ ದೂರ ಹೋಗಿ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಹಾಸಿಗೆಗಳು ಮಾರಾಟವಾದವು. ಅಂಚೆ ಗುಮಾಸ್ತ ಕೂಡ, ಯಾರೂ ಮಾತಾಡಿಸದೆ ನಾಚಿಕೆಯಾಗಿ, ಒಂದು ದಿಂಬು ಕೊಂಡ.

ಅದ್ಯಾಕೋ ದಿಂಬಣ್ಣನಿಗೆ ಆ ವ್ಯಾಪಾರ ರುಚಿಸಲಿಲ್ಲ. ಅವಳನ್ನು ಕೆಣಕಿ ನೋಡಿದ, "ಹೂಂ ಅಪ್ಪಾ" ಎಂದಳು. ಸುಮ್ಮಸುಮ್ಮನೆ ಬೈದು ನೋಡಿದ, ಅದಕ್ಕೂ "ಹೂಂ ಅಪ್ಪಾ". ಎದುರಿಗೇ ಇದ್ದ ಮಗಳು ಇಲ್ಲದಂತಾಗಿದ್ದಳು.

ಶನಿವಾರ ಮಧ್ಯಾಹ್ನ ಡ್ರೈವಿಂಗ್ ಮೇಷ್ಟ್ರು ಮತ್ತೆ ಬಂದರು. ಬಂದು ಮಲಗಿದರು. ಮೇಷ್ಟ್ರು ಒಂದೆರಡು ಸಲ ಕೆಮ್ಮಿದರು. ತಲೆ ಎತ್ತಿ ಹುಡುಗಿಯ ಕಡೆ ನೋಡಿದರು. "ಈಗ ಇನ್ನೂ ಜಾಸ್ತಿ ಆಗಿದೆ, ಹಗಲು ಹೊತ್ತೂ ಕಾಲು ನಡುಗುತ್ತೆ" ಎಂದು ಸೂರಿಗೆ ಹೇಳಿದರು. ಹುಡುಗಿ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಲೇ ಇದ್ದಳು. ಕೊನೆಗೆ ಮೇಷ್ಟ್ರು ಎದ್ದು, "ಇದನ್ನೇ ಕಟ್ಟಿಸಿ" ಎಂದು ಸೋತ ದನಿಯಲ್ಲಿ ಹೇಳಿದರು.

ದಿಂಬಣ್ಣನಿಗೆ ತಡೆಯಲಾಗಲಿಲ್ಲ. "ಕಟ್ಟಲ್ಲ! ನಿಮಗೆ ಹಾಸಿಗೆ ಬೇಕಾಗಿಲ್ಲ ಮೇಷ್ಟ್ರೇ. ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿ ಮನಸ್ಸಿನ ಡಾಕ್ಟ್ರು ಇರ್ತಾರೆ. ಓದಿರೋರು."

ಮಾತು ಮುಗಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು. ಪರದೆಯ ಹಿಂದೆ ಹೊಲಿಗೆ ಮಿಷನ್ ನಿಂತಿತು. "ರೀ," ಎಂದಳು ಹೆಂಡತಿ, "ಇವತ್ತು ಐದು ಗಂಟೆಗೆ ಆ ಕಚೇರಿ ಕಿಟಕಿ ಮುಚ್ಚುತ್ತೆ. ಸುಮ್ನೆ ಹೇಳ್ದೆ ಅಷ್ಟೇ."

ದಿಂಬಣ್ಣ ಮಗಳ ಮುಂದೆ ಹೋಗಿ ನಿಂತ. "ನಡಿ."

"ಬೇಡ ಅಪ್ಪಾ. ನನ್ನಿಂದ ಜನ ಸಾಯ್ತಿದ್ರು."

"ಹೌದು, ಸಾಯ್ತಿದ್ರು! ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆ ಕಾರಲ್ಲಿ ಎರಡು ಬ್ರೇಕ್ ಯಾಕೆ ಇಟ್ಟಿದಾರೆ? ಕಲಿಯೋರು ತಪ್ಪು ಮಾಡ್ತಾರೆ ಅಂತ ಗೊತ್ತಿದ್ದೇ ಇಟ್ಟಿರೋದು. ನಿನ್ನ ಪಕ್ಕದಲ್ಲಿ ಯಾರಿದ್ರು? ನಾನಿದ್ದೆ. ನಂಗೆ ಹತ್ತಿ, ನಾರು ಬಿಟ್ರೆ ಏನು ಗೊತ್ತು ಮಣ್ಣು? ಪಕ್ಕದಲ್ಲಿ ಕೂತು ಹೇಳ್ಕೊಡೋರು ಇರೋ ಕಡೆ ಹೋಗಿ ಕಲಿ. ಅರ್ಧಂಬರ್ಧ ಕಲ್ತು ಇಲ್ಲಿ ಕೂತ್ಕೋಬೇಡ."

ಅವಳು ಏನೋ ಹೇಳಹೊರಟಳು. ತಾಯಿ ಆಗಲೇ ಅರ್ಜಿ, ಅಂಕಪಟ್ಟಿಗಳ ಚೀಲ ತಂದು ಅವಳ ಕೈಗೆ ತುರುಕಿ ಬೆನ್ನಿಗೆ ಕೈ ಹಾಕಿ ಹೊರಗೆ ನೂಕಿದಳು.

ಹೊರಗೆ ಇದ್ದ ಗಾಡಿ ಒಂದೇ, ಮೇಷ್ಟ್ರದು. ಮೂತಿ ಸ್ವಲ್ಪ ಒಳಗೆ ಹೋಗಿತ್ತು, ಗಾಜಿನ ಅಂಚಿನಲ್ಲಿ ಇನ್ನೂ ಹತ್ತಿ ಇತ್ತು. ಮೇಷ್ಟ್ರು ತಾವೇ ಓಡಿಸಲು ಕೂತರು, ಪಕ್ಕದಲ್ಲಿ ದಿಂಬಣ್ಣ, ಹಿಂದೆ ಮಗಳು. ಮೇಷ್ಟ್ರಿಗೋ ಆ ಘಟನೆಯಾದ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಸುವ ಚಾಳಿ. ಒಂದು ಗೇಣು ಹೋಗುವುದು, ಬ್ರೇಕು. ಇನ್ನೊಂದು ಗೇಣು, ಬ್ರೇಕು. ತಳ್ಳುವ ಗಾಡಿಯ ತರಕಾರಿಯವಳು ಅವರನ್ನು ದಾಟಿಕೊಂಡು ಹೋದಳು, ತಿರುಗಿ ನೋಡಿ ಕೈ ಬೀಸಿದಳು ಕೂಡ. ದಿಂಬಣ್ಣ ಗಡಿಯಾರ ನೋಡಿದ, ಮೇಷ್ಟ್ರ ಕಾಲು ನೋಡಿದ, ಮತ್ತೆ ಗಡಿಯಾರ ನೋಡಿದ. ಕೊನೆಗೆ ಗಂಟಲು ಹರಿಯುವ ಹಾಗೆ ಕಿರುಚಿದ:

"ಬ್ರೇಕ್ ಮೇಲಿಂದ ಕಾಲು ತೆಗೀರಿ ಮೇಷ್ಟ್ರೇ!"

ಮೇಷ್ಟ್ರು ಹಿಂದಿನ ಸೀಟಿನ ಕಡೆ ತಿರುಗಿ, "ತೆಗೀಲಾ ಅಮ್ಮ?" ಎಂದು ಕೇಳಿದರು.

ಅಷ್ಟು ದಿನ ಗೋಡೆ ನೋಡುತ್ತಿದ್ದ ಹುಡುಗಿಗೆ ನಗು ಒತ್ತರಿಸಿ ಬಂತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಸುರಿಯಿತು. "ಸ್ವಲ್ಪ ತೆಗೀರಿ ಮೇಷ್ಟ್ರೇ, ಪೂರ್ತಿ ಬೇಡ. ಮಡಚೋದಂತೂ ಬೇಡ್ವೇ ಬೇಡ" ಎಂದಳು.

ಕಚೇರಿ ಮುಟ್ಟಿದಾಗ ಗುಮಾಸ್ತ ಕಿಟಕಿಯ ಬಾಗಿಲೆಳೆಯಲು ಕೈ ಹಾಕಿದ್ದ. ದಿಂಬಣ್ಣ ಆ ಸಂದಿಯಲ್ಲಿ ತನ್ನ ಹೊಟ್ಟೆಯನ್ನೇ ಒಡ್ಡಿ ನಿಂತ. ಅವನ ಆಕಾರ ಆ ದಿನ ಸಾರ್ಥಕವಾಯಿತು. ಗುಮಾಸ್ತ ಗೊಣಗುತ್ತ ಅರ್ಜಿ ತೆಗೆದುಕೊಂಡ, ಅಂಕಪಟ್ಟಿ ನೋಡಿದ, ಇಲ್ಲಿ ಸಹಿ ಹಾಕಿ ಎಂದ. ದಿಂಬಣ್ಣ ಹಾಕಿದ. ಸಹಿ ಹುಳದ ಹಾಗೆ ಬಂತು. ಗುಮಾಸ್ತ ಧಡ್ಡೆಂದು ಮುದ್ರೆ ಒತ್ತಿ ಕಿಟಕಿ ಮುಚ್ಚಿದ.

ಹೊರಗೆ ಮೇಷ್ಟ್ರು ಕಾರು ತಿರುಗಿಸುತ್ತಿದ್ದರು, ಅದು ಬೇಗ ಮುಗಿಯುವ ಕೆಲಸವಲ್ಲ. ದಿಂಬಣ್ಣ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಮಗಳು ಪಕ್ಕದಲ್ಲಿ ಕೂತಳು.

"ಏನಾಯ್ತಪ್ಪಾ?"

"ಏನಿಲ್ಲ."

ಅವಳು ಮತ್ತೇನೂ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಅಷ್ಟಕ್ಕೇ ದಿಂಬಣ್ಣನ ಕಟ್ಟೆ ಒಡೆಯಿತು.

"ನೀನು ಹೋಗೋದು ನಂಗೆ ಇಷ್ಟ ಇರ್ಲಿಲ್ಲ ಕಣೇ. ಅದಕ್ಕೇ 'ನೋಡೋಣ' ಅಂತಿದ್ದೆ. ನೀನು ಫೇಲಾಗ್ಲಿ ಅಂತ ದೀಪ ಆರಿಸ್ತಿದ್ದೆ. ಎಂಥ ಅಪ್ಪ ನಾನು? ಈಗ ಸಹಿ ಹಾಕ್ಬಿಟ್ಟೆ. ನಾಳೆಯಿಂದ ಯಾರ ಜೊತೆ ಜಗಳ ಆಡ್ಲಿ? ನಿಮ್ಮಮ್ಮನ ಹತ್ರ ಆಡಿದ್ರೆ ನಾನು ಗೆಲ್ಲಲ್ಲ, ನಿಂಗೇ ಗೊತ್ತು. ಅಂಗಡಿ ಬಾಗಿಲು ತೆಗ್ಯೋಕೇ ಬೇಜಾರಾಗುತ್ತೆ ನಂಗೆ." ದಪ್ಪ ಕೈಯಿಂದ ಕಣ್ಣೊರೆಸಿಕೊಂಡ. ಕಣ್ಣೀರು ನಿಲ್ಲಲಿಲ್ಲ. ಅವಳ ಕಡೆ ತಿರುಗಿದ. "ಏನಾದ್ರೂ ಹೇಳೇ! ಊರವರಿಗೆಲ್ಲ ನೀನು ಹೇಳ್ತಿದ್ದೆ, ಅಪ್ಪನಿಗೆ ಒಂದು ಮಾತಿಲ್ವಾ?"

ಮಗಳು ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. ಅವಳ ಗಲ್ಲವೂ ಒದ್ದೆಯಾಗಿತ್ತು.

"ಇನ್ನೂ ಕಲ್ತಿಲ್ಲ ಅಪ್ಪಾ" ಎಂದಳು.